ಮೂರು ಜನರ ಪಕ್ಷದ ನಾಯಕಿ

ಮಕ್ಸೂದಾ ಬೇಗಂ ಒಂದು ಕಾಲಕ್ಕೆ ರಾಜಕೀಯ ಪಕ್ಷದ ನಾಯಕಿಯಾಗಿದ್ದರು. ಅವರು ಈಗಿರುವ ಅಮೆರಿಕದ ಆಶ್‌ಬರ್ನ್‌ನಲ್ಲಿ ಇದನ್ನು ಯಾರಿಗೆ ಹೇಳಿದರೂ ಮೊದಲು ನಂಬುವುದಿಲ್ಲ. ನಂಬಿದ ಮೇಲೆ ಯಾವ ಪಕ್ಷ ಎಂದು ಕೇಳುತ್ತಾರೆ. ನೆದರ್‌ಲ್ಯಾಂಡ್ಸಿನ ಸೋಷಿಯಲ್ ಡೆಮಾಕ್ರಟಿಕ್ ಪಕ್ಷ ಎಂದರೆ ಮಾತು ಬದಲಿಸುತ್ತಾರೆ. ಅವರೇನು ಇಡೀ ದೇಶಕ್ಕೆ ನಾಯಕಿಯಲ್ಲ. ಒಂದು ಪುಟ್ಟ ಊರಿನ ಪುರಸಭೆಯಲ್ಲಿ ಆ ಪಕ್ಷಕ್ಕಿದ್ದ ಮೂವರು ಸದಸ್ಯರಿಗೆ ನಾಯಕಿ. ಊರಿನ ಹೆಸರು ಹೇಳಲು ಹೋದರೆ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿಕೊಂಡ ಹಾಗಾಗುತ್ತದೆ, ಬಿಡೋಣ. ಉಳಿದಿಬ್ಬರಲ್ಲಿ ಒಬ್ಬರು ಕಿವಿ ಮಂದವಾದ ನಿವೃತ್ತ ಮೇಷ್ಟ್ರು, ಇನ್ನೊಬ್ಬರು ಸಭೆಗೇ ಬರುತ್ತಿರಲಿಲ್ಲ. ಹಾಗಾಗಿ ಪಕ್ಷದಲ್ಲಿ ನಾಯಕಿಯ ಮಾತಿಗೆ ಎದುರಾಡುವವರು ಯಾರೂ ಇರಲಿಲ್ಲ.

ಮೈಸೂರಿನ ಮಂಡಿ ಮೊಹಲ್ಲಾದ ಈ ಹುಡುಗಿ ಮದುವೆಯಾಗಿ, ಎಂಜಿನಿಯರ್ ಗಂಡ ಖಾಲಿದ್ ಜೊತೆ ಆ ಊರಿಗೆ ಹೋದದ್ದು ತೊಂಬತ್ತೆಂಟರಲ್ಲಿ. ಮಗಳ ಶಾಲೆಯ ಮುಂದೆ ಸೈಕಲ್ ನಿಲ್ಲಿಸಲು ಜಾಗವಿಲ್ಲ ಎಂದು ದೂರು ಕೊಡಲು ಹೋದವರನ್ನು ಪಕ್ಷದವರು ಹಿಡಿದು ಕೂರಿಸಿಕೊಂಡರು. ಎರಡು ಸಾವಿರದ ಆರರಲ್ಲಿ ಪುರಸಭೆಗೆ ಗೆದ್ದರು. ಅಲ್ಲಿ ಅವರು ಕಲಿತ ವಿದ್ಯೆ ಒಂದೇ. ಜಗಳವಾಡುವವರನ್ನೆಲ್ಲ ಒಂದೇ ಮೇಜಿನ ಸುತ್ತ ಕೂರಿಸಬೇಕು, ತಲೆಗೊಂದು ಕಾಫಿ, ಒಂದೇ ಒಂದು ಬಿಸ್ಕತ್ತು ಕೊಟ್ಟು ಡಬ್ಬಿಯ ಮುಚ್ಚಳ ಹಾಕಬೇಕು, ಎಲ್ಲರೂ ಒಪ್ಪುವ ತನಕ ಯಾರನ್ನೂ ಎದ್ದು ಹೋಗಲು ಬಿಡಬಾರದು. ಮಂಡಿ ಮೊಹಲ್ಲಾದಲ್ಲಿ ಯಾರಾದರೂ ಅತಿಥಿಗೆ ಒಂದೇ ಬಿಸ್ಕತ್ತು ಕೊಟ್ಟಿದ್ದರೆ ಮೂರು ತಲೆಮಾರು ಅದನ್ನೇ ಆಡಿಕೊಳ್ಳುತ್ತಿತ್ತು. ಆ ಪುರಸಭೆಯಲ್ಲಿ ಅದನ್ನು ಪ್ರಜಾಪ್ರಭುತ್ವ ಎಂದು ಕರೆಯುತ್ತಿದ್ದರು.

ಹನ್ನೆರಡು ವರ್ಷ ಹೀಗೆ ನಡೆಯಿತು. ಕೊನೆಗೆ ಊರಿನ ಗ್ರಂಥಾಲಯ ಮುಚ್ಚಬೇಕೋ ಈಜುಕೊಳ ಮುಚ್ಚಬೇಕೋ ಎಂಬ ಪ್ರಶ್ನೆ ಬಂತು. ಮಕ್ಸೂದಾ ಎರಡನ್ನೂ ವಾರಕ್ಕೆ ಮೂರು ಮೂರು ದಿನ ತೆರೆದಿಡುವ ರಾಜಿ ಮಾಡಿಸಿ ಬೀಗಿದರು. ಓದುವವರೂ ಬೈದರು, ಈಜುವವರೂ ಬೈದರು. ಮುಂದಿನ ಚುನಾವಣೆಯಲ್ಲಿ ಮೂರು ಇದ್ದದ್ದು ಸೊನ್ನೆಯಾಯಿತು. ಸಾಲದ್ದಕ್ಕೆ ಆ ಸೋಲನ್ನೂ ಯಾರ ಜೊತೆಗಾದರೂ ರಾಜಿ ಮಾಡಿಕೊಂಡು ಅರ್ಧಕ್ಕೆ ಇಳಿಸಬಹುದೇ ಎಂದು ಅವರು ಒಂದು ವಾರ ಯೋಚಿಸಿದ್ದರಂತೆ. ಇದು ಖಾಲಿದ್ ಹೇಳುವ ಮಾತು, ಎಷ್ಟು ನಂಬಬೇಕೋ ಅಷ್ಟು ನಂಬಿ.

ಎರಡು ಸಾವಿರದ ಇಪ್ಪತ್ತೊಂದರಲ್ಲಿ ಖಾಲಿದ್‌ಗೆ ಆಶ್‌ಬರ್ನ್‌ನ ಡೇಟಾ ಸೆಂಟರಿನಲ್ಲಿ ಕೆಲಸ ಸಿಕ್ಕಿತು. ಇಬ್ಬರೂ ಒಂದು ಟೌನ್‌ಹೌಸ್ ಕೊಂಡು ಬಂದು ಕೂತರು. ಅಮೆರಿಕದಲ್ಲಿ ಮತ ಹಾಕಲು ಪೌರತ್ವ ಬೇಕು, ಆದರೆ ಮನೆ ಮಾಲೀಕರ ಸಂಘಕ್ಕೆ, ಅಂದರೆ ಜನ ಎಚ್‌ಒಎ ಎಂದು ಹಲ್ಲು ಕಡಿಯುತ್ತಾ ಹೇಳುವ ಆ ಸಂಸ್ಥೆಗೆ, ಮನೆಯೊಂದಿದ್ದರೆ ಸಾಕು. ಐದು ಜನರ ಬೋರ್ಡಿನಲ್ಲಿ ಒಂದು ಜಾಗ ಖಾಲಿಯಾದಾಗ ಮಕ್ಸೂದಾ ಅರ್ಜಿ ಹಾಕಿದರು. ಬೇರೆ ಯಾರೂ ಹಾಕಲಿಲ್ಲ. ಅವಿರೋಧವಾಗಿ ಆಯ್ಕೆಯಾದ ಆ ದಿನ ಅವರ ಮುಖದಲ್ಲಿ ಹಳೆಯ ಕಳೆ ಬಂತು.

ಎರಡು ಸಾವಿರದ ಇಪ್ಪತ್ತನಾಲ್ಕರಲ್ಲಿ ಅವರ ವಿದ್ಯೆಗೆ ಪರೀಕ್ಷೆ ಬಂತು. ಪಕ್ಕದ ಮನೆಯ ಜಮೀಲ್ ಬೆಂಗಳೂರಿನವನು. ಕೋವಿಡ್ ಸಮಯದಲ್ಲಿ ಐಟಿ ಕೆಲಸ ಹೋದ ಮೇಲೆ ಕೇಟರಿಂಗ್ ಶುರುಮಾಡಿದ್ದ. ಹತ್ತಿರದ ಊರಾದ ಸ್ಟರ್ಲಿಂಗಿನ ಬಾಡಿಗೆ ಅಡುಗೆಮನೆಯಲ್ಲಿ ಬಿರಿಯಾನಿ ಮಾಡುತ್ತಿದ್ದ, ವ್ಯಾನನ್ನು ಮನೆ ಮುಂದೆ ಗಾಡಿ ನಿಲ್ಲಿಸುವ ಜಾಗ, ಅಂದರೆ ತನ್ನ ಡ್ರೈವ್‌ವೇಯಲ್ಲಿ ನಿಲ್ಲಿಸುತ್ತಿದ್ದ. ಮನೆಯಲ್ಲಿದ್ದ ಒಂದೇ ಕಾರನ್ನು ಹೆಂಡತಿ ಇರಮ್ ಆಸ್ಪತ್ರೆಯ ಕೆಲಸಕ್ಕೆ ಒಯ್ಯುತ್ತಿದ್ದಳು. ಅಡುಗೆಮನೆಗೆ ಹೋಗಿಬರಲು ಜಮೀಲ್‌ಗೆ ವ್ಯಾನೇ ಗತಿ, ಅದು ಮನೆಯ ಮುಂದೆ ಇಲ್ಲದಿದ್ದರೆ ಅವನ ವ್ಯಾಪಾರವೂ ಇಲ್ಲ. ಡ್ರೈವ್‌ವೇಗಳಲ್ಲಿ ಕೆಲಸದ ಗಾಡಿ ನಿಲ್ಲಿಸುವಂತಿಲ್ಲ ಎಂಬ ನಿಯಮ ತರಲು ಬೋರ್ಡ್ ಹೊರಟಿತು. ಅಧ್ಯಕ್ಷರು ಕಲಬುರಗಿಯ ಸೋಮಲಿಂಗಪ್ಪ. ಹುಲ್ಲು ಅರ್ಧ ಇಂಚು ಹೆಚ್ಚು ಬೆಳೆದರೂ ಪತ್ರ ಕಳಿಸುವ ಮನುಷ್ಯ.

ಮಕ್ಸೂದಾ ಮೂರು ವಾರ ಮನೆಮನೆ ಅಲೆದರು. ಕೊನೆಗೆ ಒಂದು ರಾಜಿ ಹುಟ್ಟಿತು: ವ್ಯಾನ್ ಇರಲಿ, ಆದರೆ ಗ್ಯಾರೇಜಿನ ಒಳಗೆ, ಬಾಗಿಲು ಮುಚ್ಚಿ. ಸೋಮಲಿಂಗಪ್ಪ ಗೊಣಗುತ್ತಲೇ ಒಪ್ಪಿದರು. ಜಮೀಲ್ ತಲೆ ಬಗ್ಗಿಸಿ, "ಆಯ್ತು ಆಪಾ, ನೀವು ಹೇಳಿದ್ಮೇಲೆ ಇನ್ನೇನು," ಅಂದ. ಮಕ್ಸೂದಾ ಪ್ರಸ್ತಾಪದ ಕರಡಿನಲ್ಲಿ "ವ್ಯಾನ್ ಮಾಲೀಕರ ಒಪ್ಪಿಗೆಯಿದೆ" ಎಂದು ಬರೆದು ಕೆಳಗೆ ಗೆರೆ ಎಳೆದರು.

ಸಭೆಯ ದಿನ, ಭಾನುವಾರ ಮಧ್ಯಾಹ್ನ, ಇರಮ್ ಬಾಗಿಲು ತಟ್ಟಿದಳು. ಒಳಗೆ ಬಂದರೂ ಕೂರಲಿಲ್ಲ.

"ಆಪಾ, ನಮ್ಮ ಗ್ಯಾರೇಜ್ ಬಾಗಿಲಿನ ಎತ್ತರ ಏಳಡಿ. ವ್ಯಾನ್ ಒಂಬತ್ತಡಿ."

"ಮತ್ತೆ ಜಮೀಲ್ ಒಪ್ಕೊಂಡ್ನಲ್ಲಮ್ಮ?"

"ಮೂರು ವಾರ ನಮಗೋಸ್ಕರ ಓಡಾಡಿದೋರಿಗೆ, ವಯಸ್ಸಲ್ಲಿ ದೊಡ್ಡೋರಿಗೆ, ಮುಖದ ಮೇಲೆ ಆಗಲ್ಲ ಅಂತ ಹೇಳ್ತಾನಾ? ನೀವೂ ಮೈಸೂರಲ್ಲಿ ಬೆಳೆದೋರು, ನಿಮಗೆ ಗೊತ್ತಿಲ್ವಾ?" ಇರಮ್ ಮೇಜಿನ ಮೇಲಿದ್ದ ಕರಡಿನತ್ತ ಕೈ ತೋರಿಸಿದಳು. "ಅವನ ಒಪ್ಪಿಗೆ ಇದೆ ಅಂತ ಬರ್ದಿದ್ದೀರಿ. ಅದು ಹಂಗೇ ಪಾಸ್ ಆದ್ರೆ ನಾಳೆ ಅಪೀಲ್ ಮಾಡೋಕೂ ಆಗಲ್ಲ."

ಅವಳು ಹೋದ ಮೇಲೆ ಮಕ್ಸೂದಾ ಕರಡನ್ನು ಕೈಗೆತ್ತಿಕೊಂಡು ಸೋಫಾದ ಮೇಲೆ ಕೂತರು. ಯಾರೂ ಬೇಡ ಅನ್ನಲಿಲ್ಲ ಎಂದರೆ ಎಲ್ಲರೂ ಒಪ್ಪಿದ ಹಾಗೆ ಎಂಬ ಲೆಕ್ಕ ನೆದರ್‌ಲ್ಯಾಂಡ್ಸಿನಂಥ ಚಳಿ ದೇಶದಲ್ಲಿ ಸರಿಯಿತ್ತು. ಅಲ್ಲಿನವರಿಗೆ ಬೇಡ ಅನ್ನುವುದು ಉಸಿರಾಡಿದಷ್ಟೇ ಸಲೀಸು. ಇಲ್ಲಿ ಅವರು ಅಳತೆ ಪಟ್ಟಿಯನ್ನೂ ಹಿಡಿಯಲಿಲ್ಲ, ಹುಡುಗನ ಮುಖವನ್ನೂ ನೋಡಲಿಲ್ಲ. ನೋಡಿದ್ದು ತಮ್ಮ ಕರಡನ್ನು ಮಾತ್ರ. ಗ್ರಂಥಾಲಯದ ವಿಷಯದಲ್ಲೂ ಮಾಡಿದ್ದು ಇದನ್ನೇ ಎಂದು ಹೊಳೆದಾಗ ಅವರಿಗೆ ನಿಜಕ್ಕೂ ನಾಚಿಕೆಯಾಯಿತು.

ಸಂಜೆ ಐದಕ್ಕೆ ಬಡಾವಣೆಯ ಕ್ಲಬ್‌ಹೌಸಿನಲ್ಲಿ ಸಭೆ ಸೇರಿತು. ಹಿಂದಿನ ಸಾಲಿನಲ್ಲಿ ಜಮೀಲ್ ಶಾಲೆಯ ಹುಡುಗನ ಹಾಗೆ ಕೈಕಟ್ಟಿ ಕೂತಿದ್ದ. ಮಕ್ಸೂದಾ ಎದ್ದು ನಿಂತು, ತಮ್ಮ ಪ್ರಸ್ತಾಪವನ್ನು ವಾಪಸ್ ತೆಗೆದುಕೊಳ್ಳುತ್ತಿರುವುದಾಗಿ ಹೇಳಿದರು.

ಸೋಮಲಿಂಗಪ್ಪ ಕನ್ನಡಕ ತೆಗೆದರು. ಇಂಗ್ಲಿಷ್ ಬಿಟ್ಟು ಕನ್ನಡಕ್ಕೆ ಇಳಿದರು. "ಮೂರು ವಾರ ನಮ್ಮ ತಲಿ ತಿಂದು ಒಪ್ಪಿಸಿದವರು ನೀವ ಅಲ್ಲೇನ್ರಿ?"

"ಹೌದು. ಆ ವ್ಯಾನ್ ಗ್ಯಾರೇಜಲ್ಲಿ ಹಿಡಿಸಲ್ಲ. ನಾನು ಚೆಕ್ ಮಾಡ್ಲಿಲ್ಲ. ಅವರು ಒಪ್ಪಿದ್ದಾರೆ ಅಂತ ಬರೆದಿದ್ದೂ ತಪ್ಪು."

"ರಾಜಿ ಇಲ್ಲಂದ್ರ ಪೂರ್ತಿ ಬಂದ್ ಮಾಡೂದ ವೋಟಿಗೆ ಬರ್ತದ ನೋಡ್ರಿ."

"ಬರಲಿ. ನಾನು ಬೇಡ ಅಂತ ಹಾಕ್ತೀನಿ."

ಹನ್ನೆರಡು ವರ್ಷದ ರಾಜಕೀಯದಲ್ಲಿ ಅವರು ಇಷ್ಟು ಚಿಕ್ಕ ಭಾಷಣ ಮಾಡಿದ್ದಿಲ್ಲ. ಮತಕ್ಕೆ ಹಾಕಿದರು. ನಿಯಮದ ಪರ ಮೂರು, ವಿರುದ್ಧ ಎರಡು. ಬೋರ್ಡ್ ವ್ಯಾನ್ ತೆಗೆಯಲು ಮೂವತ್ತು ದಿನದ ಗಡುವು ಕೊಟ್ಟಿತು, ಅಷ್ಟರೊಳಗೆ ಬೇಕಾದರೆ ಅಪೀಲ್ ಮಾಡಿಕೊಳ್ಳಬಹುದು ಎಂದಿತು. ಸೋಮಲಿಂಗಪ್ಪ ಕಾಗದ ಜೋಡಿಸಿಕೊಂಡು ಹೊರಟರು.

ಹೊರಗೆ ಪಾರ್ಕಿಂಗಿನಲ್ಲಿ ಜಮೀಲ್ ವ್ಯಾನಿಗೆ ಒರಗಿ ನಿಂತಿದ್ದ. ಮಕ್ಸೂದಾ ಹತ್ತಿರ ಹೋದರು.

"ಸೋತೆ ಕಣಪ್ಪ," ಅಂದರು.

ಜಮೀಲ್ ನೆಲ ನೋಡಿದ, ಆಮೇಲೆ ಅವರನ್ನು ನೋಡಿದ. "ಆಪಾ, ಬೇಜಾರು ಮಾಡ್ಕೋಬೇಡಿ, ಒಂದು ಮಾತು ಹೇಳ್ತೀನಿ. ಅಪೀಲ್ ನಾನೇ ಮಾಡ್ತೀನಿ. ಅಲ್ಲಿ ನಾನೇ ಮಾತಾಡ್ತೀನಿ. ನೀವು ಮಾತಾಡೋದು ಬೇಡ."

ಅದು ಮಕ್ಸೂದಾರ ಎದೆಗೆ ನಾಟಿತು. ಮೂರು ಜನರ ಪಕ್ಷದಲ್ಲೂ ಯಾರೂ ಅವರಿಗೆ ಬಾಯಿ ಮುಚ್ಚಿಕೊಂಡಿರಿ ಎಂದಿರಲಿಲ್ಲ. ಆದರೆ ಮೂರು ವಾರದಲ್ಲಿ ಅವನು ತಮಗೆ ಹೇಳಿದ ಮೊದಲ ನಿಜ ಇದೇ ಎಂದು ಅವರಿಗೆ ಗೊತ್ತಾಯಿತು.

"ಸರಿ," ಅಂದರು. "ಎಷ್ಟು ಗಂಟೆಗೆ ಬರ್ಲಿ ಹೇಳು, ಹಿಂದಿನ ಸಾಲಲ್ಲಿ ಕೂತಿರ್ತೀನಿ."