ಗಾಲಿಯ ಹಿಂದಿನ ಕಲ್ಲು

ಮೊನ್ನೆ ಮನ್ನಾಏಖೇಳ್ಳಿಯಲ್ಲಿ ಬಸವಕಲ್ಯಾಣದ ಬಸ್ಸಿಗೆ ಕಾಯುತ್ತಿದ್ದಾಗ, ಕೆಟ್ಟು ನಿಂತ ಲಾರಿಯ ಕೆಳಗಿಂದ ಬಿಸಿಲಿಗೆ ಕಾದ ಗ್ರೀಸಿನ ವಾಸನೆ ತೇಲಿ ಬಂತು. ಕಣ್ಣು ಮುಚ್ಚಿದೆ. ದುಬಲಗುಂಡಿಯ ನಮ್ಮ ಅಂಗಳ, ಕೀಲೆಣ್ಣೆಯಿಂದ ಕಪ್ಪಾದ ಮುತ್ಯಾನ, ಅಂದರೆ ನಮ್ಮಜ್ಜನ, ಅಂಗೈ, ಅವನ ಎತ್ತಿನ ಗಾಡಿ, ಎಲ್ಲ ನಿಧಾನವಾಗಿ ಎದ್ದು ಬಂದವು. ಹುಮನಾಬಾದಿನ ಸಂತೆಗೆ ಅವನು ನನ್ನನ್ನೂ ಕರೆದೊಯ್ಯುತ್ತಿದ್ದ. ಎತ್ತು ದಣಿದರೆ ಗಾಡಿಯನ್ನು ರಸ್ತೆಯಿಂದ ಪೂರ್ತಿ ಕೆಳಗಿಳಿಸಿಯೇ ನಿಲ್ಲಿಸುವವನು. ಒಂದು ಏರಿನಲ್ಲಿ ಮಾತ್ರ ಎರಡೂ ಕಡೆ ತಗ್ಗು, ಇಳಿಸಲು ಜಾಗವಿರಲಿಲ್ಲ. ಅಲ್ಲಿ ಗಾಲಿಯ ಹಿಂದೆ ಕಲ್ಲಿಡುವುದು, ಹೊರಟಾಗ ಎತ್ತಿಕೊಳ್ಳುವುದು ನನ್ನ ಕೆಲಸ. ನಮ್ಮಜ್ಜಿ ಆಯಿಯ ಒಡೆದ ಬೀಸುಕಲ್ಲಿನ ತುಂಡದು. “ಕಲ್ಲು ತಗೊಂಡಿಯೇನೋ?” ಎಂದು ಮುತ್ಯಾ ತಿರುಗಿ ನೋಡದೆ ಕೇಳುತ್ತಿದ್ದ. ನನ್ನ ಮಾತಿನ ಮೇಲೆ ಅಷ್ಟು ನಂಬಿಕೆ.

ಒಂದು ದಿನ ಸಂತೆಯಿಂದ ಬರುವಾಗ ಕಲ್ಲಿಟ್ಟು, ಮೇಲೆ ಹತ್ತಿ, ಹೊಟ್ಟಿನ ಚೀಲಕ್ಕೆ ಒರಗಿ ಮೋಡ ನೋಡುತ್ತ ಮಂಪರಿಗೆ ಜಾರಿದೆ. ಗಾಡಿ ಹೊರಟಿತು. ಅವನು ಕೇಳಿದ. ಕಣ್ಣು ಬಿಡದೆ “ಹೂಂ” ಅಂದೆ. ಸ್ವಲ್ಪ ದೂರ ಹೋದ ಮೇಲೆ ಕಲ್ಲು ಹಿಂದೆ ಉಳಿದದ್ದು ನೆನಪಾಯಿತು. ಇಳಿದು ಓಡಬೇಕಲ್ಲ ಎಂಬ ಸೋಮಾರಿತನಕ್ಕೆ ಸುಮ್ಮನಿದ್ದೆ. ಅಂದೇ ಸಂಜೆ, ನೆರೆಮನೆಯ ಕುರಿಗಾರ ಶರಣಪ್ಪ ಕಾಕಾ ಊರಿಂದ ಸೈಕಲ್ ಮೇಲೆ ಆ ಇಳಿಜಾರಿನಲ್ಲಿ ಇಳಿಯುತ್ತ ಆ ಕಲ್ಲಿಗೆ ಬಡಿದು ಬಿದ್ದ. ಮೊಣಕಾಲು ಮುರಿಯಿತು.

ಸುದ್ದಿ ಕೇಳಿ ಬೆಳಿಗ್ಗೆ ಮುತ್ಯಾ ನಡೆದು ಹೋಗಿ, ಆ ತುಂಡನ್ನು ಕಂಕುಳಲ್ಲಿ ಹಿಡಿದು ಬಂದ. ನೇರ ಕಾಕಾನ ಮನೆಗೆ ಹೋದ. ನಾನು ಬಾಗಿಲಲ್ಲೇ ನಿಂತೆ.

“ಕಲ್ಲು ನಂದು, ಶರಣಾ. ತೆಗಿಯೂದು ಮರತೆ.”

ಕಾಕಾ ನೋವಿನಲ್ಲೂ ನಕ್ಕ. “ವಯಸ್ಸಾತ್ರಿ ನಿಮಗ! ಇನ್ನ ಗಾಡಿ ಮೊಮ್ಮಗನ ಕೈಯಾಗ ಕೊಡ್ರಿ. ಅಂವ ಮರಿಯಾಂಗಿಲ್ಲ.”

ಮುತ್ಯಾ ನನ್ನ ಕಡೆ ನೋಡಲಿಲ್ಲ. “ಹೌದು, ಅಂವ ಹುಷಾರ್ ಅದಾನ” ಅಂದ.

ಕಾಕಾನ ಕಾಲು ಕೊನೆಯವರೆಗೂ ನೆಟ್ಟಗಾಗಲಿಲ್ಲ. ಇಬ್ಬರೂ ಹೋಗಿ ಎಷ್ಟೋ ಕಾಲವಾಯಿತು, ಆ ಅಂಗಳವೂ ಈಗಿಲ್ಲ. ನಿಜ ಹೇಳಬೇಕಾದವರಿಗೆ ಹೇಳದೆ, ಈಗ ನಿಮ್ಮೆದುರು ಹೇಳುತ್ತಿದ್ದೇನೆ. ಮುಂದಿನ ಸಂತೆಯಿಂದ ಬರುವಾಗ ಅದೇ ಏರಿನಲ್ಲಿ ಮುತ್ಯಾ ಏನಾದರೂ ಕೇಳಿದ್ದರೆ ಅತ್ತು ಒಪ್ಪಿಕೊಳ್ಳುತ್ತಿದ್ದೆ. ಕೇಳಲಿಲ್ಲ. ಹಗ್ಗವನ್ನು ನನ್ನ ಕೈಗಿತ್ತು, ಸೊಂಟ ಹಿಡಿದುಕೊಂಡು ತಾನೇ ಮೆಲ್ಲಗೆ ಇಳಿದ. ಕಲ್ಲನ್ನು ಎತ್ತಿ ತಂದು ತೊಡೆಯ ಮೇಲಿಟ್ಟುಕೊಂಡ. ಊರು ಬರುವವರೆಗೂ ಅದನ್ನು ಕೆಳಗಿಡಲಿಲ್ಲ.