ಪಾಪ ಅಂದರೆ ಸಿಡಿಯುವ ಮೇಡಂ

ಲಕ್ವ ಹೊಡೆದ ನಮ್ಮಪ್ಪನಿಗೆ ಉಣ್ಣುವುದು, ಬಾಚಿಕೊಳ್ಳುವುದು, ಶರ್ಟಿನ ಗುಂಡಿ ಹಾಕಿಕೊಳ್ಳುವುದನ್ನೆಲ್ಲ ಮತ್ತೆ ಕಲಿಸಲು ವಾರಕ್ಕೆ ಮೂರು ದಿನ ಮನೆಗೆ ಬರುವ ಥೆರಪಿಸ್ಟ್ ಮೇಡಂಗೆ ಮೂಗಿನ ತುದಿಯಲ್ಲೇ ಕೋಪ. ಚಪ್ಪಲಿ ಬಿಡುವ ಮೊದಲೇ ಬೈಗುಳ ಶುರು: ಬಚ್ಚಲಿಗೆ ನುಣುಪು ಟೈಲ್ಸ್ ಹಾಕಿದವನಿಗೆ, ನಲ್ಲಿಯನ್ನು ಕೈಗೆಟುಕದಂತೆ ಕೂರಿಸಿದವನಿಗೆ, "ಮಸಾಜ್‌ನವರು ಬಂದ್ರು" ಎಂದು ಕೂಗಿ ಹೇಳುವ ಪಕ್ಕದ ಮನೆಯವರಿಗೆ. ಆದರೆ ಅವರನ್ನು ನಿಜವಾಗಿ ಕೆಂಡವಾಗಿಸುವುದು ಒಂದೇ ಒಂದು ಪದ. ಅಮ್ಮ ಚಮಚ ಹಿಡಿದು "ಪಾಪ, ಇವರ ಕೈ ನಡುಗುತ್ತೆ ಕಣಮ್ಮಾ" ಅಂದರೆ ಮುಗಿಯಿತು. "ಪಾಪ ಪಾಪ ಅಂತ ಅವರನ್ನ ಪಾಪು ಮಾಡಿಬಿಟ್ರಲ್ಲಮ್ಮಾ! ಮೂವತ್ತು ವರ್ಷ ಬಸ್ ಓಡಿಸಿದ ಕೈಗೆ ಚಮಚ ಭಾರಾನಾ? ನೀವು ತಿನ್ನಿಸೋ ಒಂದೊಂದು ತುತ್ತೂ ಆ ಕೈಯಿಂದ ಕಿತ್ಕೊಂಡಿದ್ದು!" ನನ್ನ ಹೆಂಡತಿ ಅಪ್ಪನ ತಲೆ ಬಾಚಿದರೂ ತಪ್ಪು, ನಾನು ಚಪ್ಪಲಿ ಹಾಕಿಕೊಟ್ಟರೂ ತಪ್ಪು. ಇಂಥ ಕಲ್ಲೆದೆಯವರನ್ನು ಎಲ್ಲೂ ಕಂಡಿಲ್ಲ ಎಂದು ನಾನೂ ಒಳಗೊಳಗೇ ಕುದಿಯುತ್ತಿದ್ದೆ. ನಿನ್ನೆ ಅಪ್ಪ ಮೂರನೇ ಗುಂಡಿಯೊಡನೆ ಹದಿನೈದು ನಿಮಿಷ ಹೆಣಗಿದ. ಅದು ತೂತಿನ ಬಾಯಿಯವರೆಗೆ ಬರುವುದು, ಜಾರುವುದು. "ಯಾರೂ ಮುಟ್ಟಬೇಡಿ!" ಎಂದು ಮೇಡಂ ಗುಡುಗಿದರು. ನೀರು ತರಲೆಂದು ಅವರ ಹಿಂದಿನಿಂದ ಹಾದು ಹೋಗುವಾಗ ನೋಡಿದೆ: ಬೆನ್ನ ಹಿಂದೆ ಅವರ ಎಡಗೈ ಬಲಗೈಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಿತ್ತು, ಆ ಬಲಗೈಯ ಎರಡು ಬೆರಳುಗಳು ಮಾತ್ರ ಅಲ್ಲಿಲ್ಲದ ಗುಂಡಿಯೊಂದನ್ನು ತೂತಿಗೆ ತಳ್ಳುತ್ತಲೇ ಇದ್ದವು.