ಹರಿಗೋಲಿನ ಗೋಡೆ

ಹೊಸ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದೆ. ಕೆರಗೋಡಿನ ಕಡೆಯ ನಮ್ಮೂರಿಂದ ಬಂದ ತಮ್ಮ ಚಪ್ಪಲಿ ಬಿಡುವ ಮೊದಲೇ ಹೇಳಿದ: "ಅಕ್ಕಾ, ರಾಮದೇವರ ಗುಡಿ ಮುಖಮಂಟಪ ಕೆಡವಿಬಿಟ್ರು. ಚಿತ್ರದ ಗೋಡೆನೂ ಹೋಯ್ತು." ಬೆರಳಿನ ಹುಳಿವಾಸನೆ ಮೂಗಿಗೆ ಬಡಿಯಿತು. ಆ ಗೋಡೆಯನ್ನು ಮೊದಲು ತಿಂದದ್ದು ಇದೇ ಹುಣಸೆಹಣ್ಣು.

ಮೂವತ್ತರ ದಶಕದ ಮಾತು. ನಮ್ಮಪ್ಪ ಆ ಗುಡಿಯ ಅರ್ಚಕರು. ದೊಡ್ಡವರು ತಲೆ ಬಗ್ಗಿಸಿಯೇ ಒಳಬರಬೇಕಾದ ಕಲ್ಲಿನ ಬಾಗಿಲು, ಬೇಸಿಗೆಯಲ್ಲೂ ಅಂಗಾಲಿಗೆ ತಣ್ಣಗೆ ಹತ್ತುವ ಚಪ್ಪಡಿ, ನಾಲ್ಕು ಗಿಡ್ಡ ಕಂಬ. ಅವುಗಳ ಹಿಂದಿನ ಗಾರೆಗೋಡೆಯ ಮೇಲೆ ಯಾವ ಕಾಲದ ಪುಣ್ಯಾತ್ಮನೋ, ಗುಹ ರಾಮನನ್ನು ಗಂಗೆ ದಾಟಿಸುವುದನ್ನು ಕೆಮ್ಮಣ್ಣಿನ ಕೆಂಪಿನಲ್ಲಿ, ನೀಲಿಯಲ್ಲಿ ಬರೆದಿದ್ದ. ಅವನು ಗಂಗೆ ಕಂಡವನಲ್ಲವೇನೋ. ದೋಣಿಯ ಬದಲು ನಮ್ಮ ಕಾವೇರಿಯ ದುಂಡು ಹರಿಗೋಲನ್ನೇ ಬರೆದು, ಸೀತಮ್ಮ ಹೆದರಿ ಅದರ ಅಂಚು ಹಿಡಿದ ಹಾಗೆ ಮಾಡಿದ್ದ. ಆ ಬೆರಳುಗಳ ನಾಜೂಕನ್ನು ನಾನು ಇನ್ನೆಲ್ಲೂ ಕಾಣಲಿಲ್ಲ.

ಅಪ್ಪನಿಗೆ ವಿಷಮಜ್ವರ ಬಂದಾಗ ಅವರ ತಂಗಿ ಸುಬ್ಬತ್ತೆ, "ಅಣ್ಣ ಉಳಿದ್ರೆ, ಮಸಿ ಹಿಡಿದ ನಿನ್ನನ್ನ ಕೈಯಾರೆ ಬೆಳಗ್ತೀನಿ ರಾಮಾ" ಎಂದು ಆ ಚಿತ್ರದ ಮುಂದೆ ಹರಕೆ ಹೊತ್ತಳು. ಅಪ್ಪ ಎದ್ದು ಕೂತರು. ಬೆಳಗುವುದೆಂದರೆ ಅತ್ತೆಗೆ ತಿಳಿದಿದ್ದು ಒಂದೇ: ಹಿತ್ತಾಳೆ ದೀಪಕ್ಕೆ ಮಾಡುವ ಹಾಗೆ ಹುಣಸೆಹಣ್ಣು ಹಚ್ಚಿ ತಿಕ್ಕುವುದು. ಅವಳು ಕಂಡು ಕೈ ತೆಗೆಯುವಷ್ಟರಲ್ಲಿ ಮಸಿಯ ಜೊತೆಗೆ ರಾಮ, ಸೀತೆ, ಲಕ್ಷ್ಮಣ ಮೂವರೂ ಬಣ್ಣದ ನೀರಾಗಿ ಇಳಿದುಹೋದರು. ಖಾಲಿ ಹರಿಗೋಲಿನಲ್ಲಿ ಹುಟ್ಟು ಹಿಡಿದ ಗುಹ ಒಬ್ಬನೇ ಉಳಿದ.

ಹೂ ತಂದ ಕೆಂಪಮ್ಮ ಕಂಡು, "ಅಯ್ಯೋ ಅಮ್ನೋರೆ, ದ್ಯಾವ್ರನ್ನೇ ಚೊಂಬು ಉಜ್ದಂಗೆ ಉಜ್ಬುಟ್ರಲ್ಲಾ!" ಎಂದಳು. ನಗಲು ಹೊರಟವಳು ಅತ್ತೆಯ ಮುಖ ನೋಡಿ ಹೂ ಇಟ್ಟು ಹೊರಟುಹೋದಳು. ರಾಮನನ್ನೇ ಅಳಿಸಿದ ಪಾಪ ಅಣ್ಣನ ಪ್ರಾಣಕ್ಕೆ ತಿರುಗೀತೆಂದು ಅತ್ತೆ ಎರಡು ದಿನ ಊಟ ಮುಟ್ಟಲಿಲ್ಲ. ಮೂರನೆಯ ದಿನ ಅಪ್ಪ ಕೋಲೂರಿಕೊಂಡು ಗುಡಿಗೆ ಹೋಗಿ, ಅವಳನ್ನು ಕರೆಸಿ ಗೋಡೆಯ ಮುಂದೆ ನಿಲ್ಲಿಸಿದರು. ಖಾಲಿ ಹರಿಗೋಲು ತೋರಿಸಿ ಅಂದರು: "ಯಾಕಳ್ತೀಯೇ ಸುಬ್ಬೂ? ಎಷ್ಟು ವರ್ಷ ಅಂತ ನೀರಿನ ಮೇಲೇ ಇರ್ತಾರೆ? ದಡಕ್ಕಿಳ್ಕೊಂಡ್ರು ಕಣೇ. ನಡಿ, ಹಸಿವಾಗ್ತಿದೆ, ಬಡಿಸು."

ಅತ್ತೆ ಅಂದು ಉಂಡಳು. ಅಪ್ಪ ಆಮೇಲೂ ಇಪ್ಪತ್ತು ವರ್ಷ ಪೂಜೆ ಮಾಡಿದರು. ನಾವು ಮಕ್ಕಳು ಗೋಡೆ ನೋಡಿ "ರಾಮ ಎಲ್ಲತ್ತೆ?" ಎಂದರೆ, ಅವಳು ಗರ್ಭಗುಡಿಯತ್ತ ಕೈ ತೋರಿಸಿ, "ಆಗ್ಲೇ ಒಳಗೆ ಹೋದ" ಎನ್ನುತ್ತಿದ್ದಳು.

ತಮ್ಮ ಬಾಗಿಲಲ್ಲೇ ನಿಂತಿದ್ದ. "ಗುಹ?" ಎಂದೆ.

"ಎಲ್ಲಾ ಪುಡಿಯಾಯ್ತಕ್ಕ."

ಇದನ್ನು ಕೇಳಲು ಅಪ್ಪನೂ ಇಲ್ಲ, ಅತ್ತೆಯೂ ಇಲ್ಲ. ಅಷ್ಟು ದಯೆ ತೋರಿದನಲ್ಲ ದೇವರು. ತಮ್ಮನಿಗೆ ಕಾಲಿಗೆ ನೀರು ಕೊಟ್ಟು, ಒಳಗೆ ಹೋಗಿ ಅನ್ನಕ್ಕೆ ಎಸರಿಟ್ಟೆ.